ಸಡಿಲ ಹೊಲಿಗೆ

“ಇದರ ಹೊಲಿಗೆ ಬಿಚ್ಚಿದ್ದು ಯಾರು ಅತ್ತೆ? ಹೇಳಿ... ಯಾರು ಬಿಚ್ಚಿದ್ದು?”

ಆಸ್ಪತ್ರೆಯಿಂದ ಬಂದ ಸೊಸೆ ಚಪ್ಪಲಿಯನ್ನೂ ಕಳಚದೆ ಮುಖದ ಮಾಸ್ಕನ್ನು ಕಿತ್ತು ಹೊಲಿಗೆ ಯಂತ್ರದ ಮೇಲೆ ಎಸೆದಳು. ಸುಟ್ಟ ಗಾಯ ಮಾಯುವಾಗ ಚರ್ಮ ಗಂಟುಗಟ್ಟದಂತೆ ಹಗಲೂ ರಾತ್ರಿ ಒತ್ತಿ ಹಿಡಿಯುವ ಬಿಗಿ ಬಟ್ಟೆಯ ಮಾಸ್ಕ್ ಅದು. ಕಣ್ಣು, ಮೂಗು, ಬಾಯಿಗೆ ಮಾತ್ರ ತೆರಪು, ಗದ್ದದ ಕೆಳಗೆ ಕುತ್ತಿಗೆಗೊಂದು ಪಟ್ಟಿ. ಅಳತೆ ಕೊಟ್ಟವರು ಆಸ್ಪತ್ರೆಯವರು, ಹೊಲಿದವಳು ಅತ್ತೆ. ಬೀದಿಗೆಲ್ಲ ಅವಳು ಟೈಲರಮ್ಮ. ಅವಳು ಹೊಲಿದದ್ದನ್ನು ಹಾಕಿಕೊಂಡರೆ ಎಷ್ಟು ದಪ್ಪಗಾದರೂ ಚಿಂತೆಯಿಲ್ಲ ಎಂದು ಹೆಂಗಸರು ನಗುತ್ತಿದ್ದರು. “ಒಳಗೆ ಬಟ್ಟೆ ಬಿಟ್ಟಿದೀನಮ್ಮ, ಬಿಗಿಯಾದ್ರೆ ತನ್ನಿ, ಬಿಚ್ಚಿಕೊಡ್ತೀನಿ” ಎನ್ನುವುದು ಅವಳ ಬಾಯಿಪಾಠ.

“ಕುತ್ತಿಗೆ ಚರ್ಮ ಎಳ್ಕೊಂಡುಬಿಟ್ಟಿದೆಯಂತೆ. ಮತ್ತೆ ಕೊಯ್ಯಬೇಕಂತೆ. ಕೊಯ್ದರೂ ಮೊದಲಿನ ಹಾಗೆ ತಲೆ ಎತ್ತೋಕಾಗುತ್ತೋ ಇಲ್ವೋ ಗೊತ್ತಿಲ್ಲ ಅಂದ್ರು ಡಾಕ್ಟರಮ್ಮ. ಮಾಸ್ಕ್ ಇಷ್ಟು ಸಡಿಲ ಯಾಕೆ ಅಂತ ನನ್ನನ್ನೇ ಬೈದ್ರು! ಒಗೆಯೋಕೆ ನಿಮ್ಮ ಕೈಗೆ ಕೊಡೋದು ಬಿಟ್ಟರೆ ನಾನು ಅದನ್ನ ತೆಗೆದೇ ಇಲ್ಲ ಅತ್ತೆ...”

ಟೈಲರಮ್ಮ ತಲೆ ತಗ್ಗಿಸಿದಳು. “ನಾನೇ ಕಣೇ... ನೀನು ರಾತ್ರಿಯೆಲ್ಲ ನರಳ್ತಿದ್ದೆ. ಉಸಿರು ಕಟ್ಟುತ್ತೆ, ಸತ್ತುಹೋಗ್ತೀನಿ ಅಂತ ಅಳ್ತಿದ್ದೆ. ನನ್ನಿಂದ ನೋಡೋಕಾಗ್ಲಿಲ್ಲ. ಒಗೆದಾಗಲೆಲ್ಲ ಸ್ವಲ್ಪ ಬಿಚ್ಚಿ ಹೊಲಿದೆ. ಒಂದು ನೂಲಿನಷ್ಟು... ಒಂದೇ ಒಂದು ನೂಲಿನಷ್ಟು!”

ಅಯ್ಯೋ, ಅವಳ ಸಂಕಟವಾದರೂ ಎಂಥದು! ಆ ಮುಖ ಸುಟ್ಟವನು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗ. ಔಷಧಿ ಅಂಗಡಿಯ ಕೆಲಸ ಬಿಡು ಎಂದ. ಬಿಡುವುದಿಲ್ಲ ಎಂದಳು ಹೆಂಡತಿ. ಅಷ್ಟಕ್ಕೇ ಬಚ್ಚಲು ತೊಳೆಯುವ ಆಸಿಡ್ ಬಾಟಲಿ ಹಿಡಿದು ಬಂದ. ಇದೇ ಯಂತ್ರದ ಮುಂದೆ ಕೂತಿದ್ದ ತಾಯಿ ಎಲ್ಲವನ್ನೂ ಕಣ್ಣಾರೆ ಕಂಡಿದ್ದಳು. ತನ್ನ ಕೈ ಸುಡುತ್ತಿದ್ದರೂ ಲೆಕ್ಕಿಸದೆ ಬಕೆಟ್ಟುಗಟ್ಟಲೆ ನೀರು ಸುರಿದವಳೂ ಅವಳೇ. ತವರೆಂಬುದೇ ಇಲ್ಲದ ಸೊಸೆಯನ್ನು ಅಂದಿನಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದಳು. ಮಗ ಜೈಲಿನಲ್ಲಿದ್ದ.

ಸೊಸೆ ಗೋಡೆಗೆ ಒರಗಿ ಕುಸಿದಳು. “ಸೋಮವಾರ ಕೋರ್ಟಲ್ಲಿ ಏನು ಹೇಳ್ತೀರಿ?”

ಟೈಲರಮ್ಮ ಯಂತ್ರದ ಮೇಲಿದ್ದ ಮಾಸ್ಕನ್ನು ಕೈಗೆತ್ತಿಕೊಂಡಳು.

“ನಿಮ್ಮ ಮಗನ ವಕೀಲರು ಬಂದಿದ್ರಂತೆ. ಪಕ್ಕದ ಮನೆಯವರು ಹೇಳಿದ್ರು.”

“ಬಾಟಲಿ ಕೈಜಾರಿ ಬಿತ್ತು ಅಂದ್ರೆ ಬೇಗ ಬಿಡ್ತಾರಂತೆ...” ಎಂದಳು ಟೈಲರಮ್ಮ. “ಊಟ ಬಿಟ್ಟಿದಾನಂತೆ ಕಣೇ. ಅಮ್ಮಾ ಅಮ್ಮಾ ಅಂತ ಅಳ್ತಾನಂತೆ...”

“ಅಲ್ಲೂ ಒಂದು ನೂಲಿನಷ್ಟು ಬಿಡ್ತೀರಾ ಅತ್ತೆ?”

ಟೈಲರಮ್ಮ ಬೆಚ್ಚಿ ನೋಡಿದಳು.

“ಅವರು ನನಗೆ ಮೊದಲ ಸಲ ಹೊಡೆದಾಗ ಏನಂದ್ರಿ? ಪಾಪ, ಅತ್ತುಬಿಟ್ಟ, ಇನ್ನು ಸರಿಹೋಗ್ತಾನೆ ಅಂದ್ರಿ! ನಿಮ್ಮ ಕರುಣೆ ಅವರನ್ನ ಹಾಳುಮಾಡ್ತು, ಈಗ ನನ್ನನ್ನೂ ಹಾಳುಮಾಡ್ತಿದೆ. ನೀವು ಕೆಟ್ಟವರಾಗಿದ್ರೆ ಎದುರಾಡಿ ಎದ್ದು ಹೋಗ್ತಿದ್ದೆ. ಇಷ್ಟು ಒಳ್ಳೆಯವರನ್ನ ನಾನೇನು ಮಾಡ್ಲಿ ಅತ್ತೆ!” ಎಂದು ಸೊಸೆ ಬಿಕ್ಕಿ ಬಿಕ್ಕಿ ಅತ್ತಳು.

ಟೈಲರಮ್ಮ ಆಸ್ಪತ್ರೆಯ ಅಳತೆಯ ಚೀಟಿ ಹುಡುಕಿ, ಮಾಸ್ಕನ್ನು ಮೊದಲಿನಂತೆ ಬಿಗಿಯಾಗಿ ಹೊಲಿದಳು. ಆಮೇಲೆ ಕತ್ತರಿ ತೆಗೆದು, ಹೊಲಿಗೆಯಾಚೆ ಉಳಿದಿದ್ದ ಬಟ್ಟೆಯನ್ನೆಲ್ಲ ಕತ್ತರಿಸಿ ಹಾಕಿದಳು. ಇನ್ನು ಯಾರೇ ಅತ್ತರೂ ಬಿಚ್ಚಿ ಹೊಲಿಯುವಂತಿರಲಿಲ್ಲ. ಅದನ್ನು ತೊಡಿಸಿ ಹಿಂದಿನ ಕೊಕ್ಕೆ ಹಾಕುವಾಗ ಸೊಸೆ ನೋವಿಗೆ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಟೈಲರಮ್ಮ ಕಣ್ಣೀರು ಸುರಿಸುತ್ತಲೇ ಕೊನೆಯ ಕೊಕ್ಕೆಯನ್ನೂ ಹಾಕಿದಳು.

ಸೋಮವಾರ ಕಟಕಟೆಯಲ್ಲಿ ನಿಂತ ಮಗ ತಾಯಿಯನ್ನು ಕಂಡಕೂಡಲೇ ಚಿಕ್ಕ ಹುಡುಗನಂತೆ ಅಳತೊಡಗಿದ. “ಅಮ್ಮಾ... ಹೇಳಮ್ಮಾ...” ಎಂದ.

“ಕೈಜಾರಲಿಲ್ಲ ಸ್ವಾಮಿ,” ಎಂದಳು ಟೈಲರಮ್ಮ. “ನಿಂತು ಮುಚ್ಚಳ ತಿರುಗಿಸಿ ತೆಗೆದ. ಬೇಡ ಕಣೋ ಅಂತ ಕೂಗಿದೆ. ನನ್ನ ಕಡೆ ತಿರುಗಿ ನೋಡಿದ. ಆಮೇಲೆ ಅವಳ ಮುಖಕ್ಕೆ ಎರಚಿದ.” ಅವನು ಅಳುತ್ತಲೇ ಇದ್ದ. ಕೇಳಿದ್ದಕ್ಕೆಲ್ಲ ಅವಳು ಕಂಡದ್ದನ್ನು ಕಂಡಂತೆಯೇ ಹೇಳಿದಳು.

ಕೋರ್ಟಿನ ಮೆಟ್ಟಿಲಿಗೆ ಬಂದಾಗ ಸೊಸೆ ಅತ್ತೆಯ ಮುಖ ನೋಡಲು ಹೋದಳು. ಕುತ್ತಿಗೆ ಮೇಲೇಳಲಿಲ್ಲ. ಅದನ್ನು ಕಂಡ ಟೈಲರಮ್ಮ ಎರಡು ಮೆಟ್ಟಿಲು ಕೆಳಗಿಳಿದು, ಅವಳ ಕಣ್ಣಿಗೆ ಸಿಗುವಂತೆ ಕೂತಳು.

“ನನ್ನ ಮಗ ಹೋದ ಕಣೇ...” ಎಂದಳು.

ಸೊಸೆಯೂ ಇಳಿದು ಪಕ್ಕದಲ್ಲಿ ಕೂತು, ಅತ್ತೆಯ ಸುಟ್ಟ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.