ಒಂದೇ ಕಿವಿಗೆ ಕೇಳಿಸಿದ ಹಾಡು

"ಗುಬ್ಬಿ!"

ಸಾವಿರಾರು ಜನರ ಕಿರುಚಾಟದ ನಡುವೆಯೂ ಆ ಕರೆ ಅವಳ ಎದೆಗೇ ನಾಟಿತು. ಈ ಪರದೇಶದ ಮೈದಾನದಲ್ಲಿ ತನ್ನನ್ನು ಹಾಗೆ ಕರೆಯುವವರು ಯಾರು? ಹಾಗೆ ಕರೆಯುತ್ತಿದ್ದವನು ಜಗತ್ತಿಗೆಲ್ಲ ಒಬ್ಬನೇ...

ತಿರುಗಿದಳು. ಅವನೇ! ಅವಳ ದೊರೆ!

ಕೈಯಲ್ಲಿದ್ದ ಜ್ಯೂಸಿನ ಲೋಟ ಹುಲ್ಲಿನ ಮೇಲೆ ಬಿತ್ತು.

ಒಂದು ಕಾಲಕ್ಕೆ ಇಬ್ಬರೂ ಒಂದೇ ಆರ್ಕೆಸ್ಟ್ರಾದಲ್ಲಿದ್ದವರು. ಅವನು ಕೀಬೋರ್ಡ್ ನುಡಿಸುತ್ತಿದ್ದ, ಇವಳು ಹಾಡುತ್ತಿದ್ದಳು. ಮದುವೆಯ ಮಾತೂ ಆಗಿತ್ತು. ಒಂದು ಸಂಜೆ ಸ್ಕೂಟರ್ ಓಡಿಸುತ್ತಿದ್ದವಳು ಇವಳು, ಹಿಂದೆ ಕೂತಿದ್ದವನು ಅವನು. "ನಿಧಾನ ಕಣೇ" ಎಂದರೂ ಕೇಳಲಿಲ್ಲ. ತಿರುವಿನಲ್ಲಿ ಸ್ಕೂಟರ್ ಜಾರಿತು. ಇವಳಿಗೆ ಮೊಣಕೈ ತರಚಿತು, ಅಷ್ಟೇ. ತಲೆಗೆ ಪೆಟ್ಟಾಗಿ ಅವನ ಎಡಗಿವಿಗೆ ಮಾತ್ರ ಮತ್ತೆಂದೂ ಏನೂ ಕೇಳಿಸಲಿಲ್ಲ.

ಅವನು ಚೇತರಿಸಿಕೊಳ್ಳುವ ಹೊತ್ತಿಗೆ ಇವಳು ಬೇರೆ ಊರಿನ ಶಾಲೆಯಲ್ಲಿ ಗಣಿತದ ಟೀಚರ್. ಅವನ ಫೋನ್ ಎತ್ತಲಿಲ್ಲ. ಅಂದಿನಿಂದ ಹಾಡಲೂ ಇಲ್ಲ.

ಈ ಸಂಗೀತ ಕಾರ್ಯಕ್ರಮಕ್ಕೆ ಇಷ್ಟು ದೂರ ಬಂದದ್ದು ಅಕ್ಕನ ಹಟಕ್ಕೆ. ಎರಡು ಮಕ್ಕಳ ತಾಯಿಯಾದರೂ ಅಕ್ಕನಿಗೆ ಈ ಬ್ಯಾಂಡೆಂದರೆ ಹುಚ್ಚು. ಕೆನ್ನೆಗೆ ಮಿನುಗು ಬಳಿದುಕೊಂಡು, "ನಿಮ್ ಭಾವನ್ನ ಮೊದಲ ಸಲ ನೋಡಿದಾಗ್ಲೂ ಎದೆ ಹೀಗೆ ಹೊಡ್ಕೊಂಡಿರ್ಲಿಲ್ಲ ಕಣೇ!" ಎನ್ನುತ್ತ ವೇದಿಕೆಯ ಕಡೆಗೆ ನುಗ್ಗಿದ್ದಳು. ಡ್ರಮ್ಮಿನ ಏಟಿಗೆ ಇವಳ ಕಾಲೂ ಸುಮ್ಮನಿರಲಿಲ್ಲ. ಕುಣಿದಿದ್ದಳು, ಇಷ್ಟು ವರ್ಷಗಳ ಮೇಲೆ ಮೊದಲ ಸಲ ಗಂಟಲು ಬಿಟ್ಟು ಹಾಡಿದ್ದಳು.

'ನೋಡಿಬಿಟ್ಟನಲ್ಲ! ಅವನ ಕಿವಿ ಕಿತ್ತುಕೊಂಡವಳು ಸಂಗೀತ ಕೇಳಿ ಕುಣೀತಿದೀನಿ... ಥೂ, ನನ್ನ ಜನ್ಮಕ್ಕಿಷ್ಟು!'

ಜನರನ್ನು ಸರಿಸಿಕೊಂಡು ಓಡಿದಳು. ಟೀ ಶರ್ಟ್ ಮಾರುವ ಡೇರೆಯ ಹಿಂದೆ ಅವನು ಅವಳನ್ನು ಹಿಡಿದು ನಿಲ್ಲಿಸಿದ.

"ಕ್ಷಮಿಸಿಬಿಡು ದೊರೆ..." ತಲೆ ತಗ್ಗಿಸಿ ಪಿಸುಗುಟ್ಟಿದಳು.

"ಆ ಕಡೆಯಿಂದ ಕೇಳ್ಸಲ್ಲ. ಈ ಕಡೆ ಬಾ."

ಅವನು ಸಹಜವಾಗಿಯೇ ಅಂದ ಮಾತು. ಅವಳಿಗೆ ಮಾತ್ರ ತಡೆಯಲಾಗಲಿಲ್ಲ. ಅಳುತ್ತ ಬಲಕ್ಕೆ ಬಂದಳು.

"ನಾನಿಲ್ಲಿರೋದು... ಹೇಗೆ ಗೊತ್ತಾಯ್ತು?"

"ನಿನ್ನ ದನಿ ಕೇಳಿಸ್ತು. ಒಂದೇ ಕಿವಿ ಅಲ್ವಾ, ಯಾವ ದಿಕ್ಕಿಂದ ಅಂತ ತಿಳೀಲಿಲ್ಲ. ಸುತ್ತ ತಿರುಗಿ ತಿರುಗಿ ಹುಡುಕ್ದೆ. ಜೊತೆಗೆ ಬಂದ ಸ್ನೇಹಿತರು ಇವನಿಗೆ ತಲೆ ಕೆಟ್ಟಿದೆ ಅಂದ್ರು."

ಅವನು ನಗಲಿಲ್ಲ.

"ಒಂದು ಕೇಳ್ಲಾ? ಕಿವುಡನ ಜೊತೆ ಬಾಳೋದು ಕಷ್ಟ ಅಂತ ತಾನೇ ಬಿಟ್ಟು ಹೋಗಿದ್ದು?"

ಅವಳು ಅವನ ತೋಳು ಹಿಡಿದಳು. "ಅಯ್ಯೋ! ಇಷ್ಟು ವರ್ಷ ಹಾಗಂದ್ಕೊಂಡಿದ್ಯಾ? ನಿನ್ನ ಮುಖ ನೋಡೋ ಧೈರ್ಯ ಇರ್ಲಿಲ್ಲ ಕಣೋ! ನಿನ್ನ ಸಂಗೀತಾನೇ ಹಾಳು ಮಾಡಿದೋಳು ನಾನು..."

"ಯಾರು ಹೇಳಿದ್ದು ಹಾಳಾಯ್ತು ಅಂತ? ಈಗ್ಲೂ ನುಡಿಸ್ತೀನಿ. ಸ್ಪೀಕರ್ ಬಲಗಡೆ ಇಟ್ಕೋತೀನಿ, ಅಷ್ಟೇ." ಅವನು ಬಲಗಿವಿ ಮುಟ್ಟಿಕೊಂಡ. "ಬಿದ್ದಿದ್ದು ಆಕಸ್ಮಿಕ, ಅದಕ್ಕೆ ನಂಗೆ ಕೋಪ ಇಲ್ಲ. ನೀನು ಹೋಗಿದ್ದಕ್ಕಿದೆ. ಉಳಿದಿರೋ ಕಿವೀಲಿ ದಿನಾ ನಿನ್ನ ಫೋನಿಗೆ ಕಾದೆ, ಗುಬ್ಬಿ."

ಇಷ್ಟು ವರ್ಷ ಅತ್ತದ್ದು ಬೇರೆಯದೇ ತಪ್ಪಿಗೆ! ನಿಜವಾದ ತಪ್ಪು ಈಗ ಕಣ್ಣೆದುರು ನಿಂತಿತ್ತು.

"ಹೌದು... ನೀನು ನೋವಲ್ಲಿದ್ದಾಗ ನಾನು ನನ್ನ ತಪ್ಪನ್ನೇ ನೋಡ್ಕೊಂಡು ಕೂತೆ. ನಿನ್ನನ್ನ ನೋಡ್ಲೇ ಇಲ್ಲ." ಕಣ್ಣೊರೆಸಿಕೊಂಡಳು. "ಬೈದುಬಿಡು. ನಿಂತು ಕೇಳ್ತೀನಿ."

"ಒಂದಿನಕ್ಕೆ ಮುಗಿಯೋದಲ್ಲ."

"ನಾಳೆನೂ ಬೈ."

"ನಾಡಿದ್ದು?"

"ನಾಡಿದ್ದೂ..."

"ಜನ್ಮಪೂರ್ತಿ ಬೈದ್ರೆ?"

ಅವಳು ಮೊದಲ ಬಾರಿಗೆ ಮುಖವೆತ್ತಿ ಅವನ ಕಣ್ಣಲ್ಲಿ ಕಣ್ಣಿಟ್ಟಳು. ಅಲ್ಲಿ ಕೋಪವಿತ್ತು, ನೀರೂ ಇತ್ತು.

"ಆಗ್ಲೂ ಪಕ್ಕದಲ್ಲೇ ಇರ್ತೀನಿ, ದೊರೆ... ನನ್ನನ್ನೂ ಬಲಗಡೆ ಇಟ್ಕೋತೀಯಾ?"

ಅವನು ಅವಳ ಕೈಯನ್ನು ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದುಕೊಂಡ.