ಎದುರು ಗಾಡಿಗೆ ಎತ್ತಿದ ಬೆರಳು

ಲೆಕ್ಸ್ ಟ್ರಾಂಟರ್‌ನ ಹಳದಿ ಬ್ರಾಂಟನ್ ಪಿಕಪ್ ತಗ್ಗು ಸೇತುವೆಯಿಂದ ಸ್ವಲ್ಪ ಕೆಳಗೆ ನೀಲಗಿರಿ ಮರವೊಂದಕ್ಕೆ ಒರಗಿ ನಿಂತಿತ್ತು. ಚಾವಣಿ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಾನೇ ಇಳಿದೆ. ಮುಲ್ಗೂರಾ ಊರಿಗೆ ಇರುವ ಪೊಲೀಸ್ ಸಾರ್ಜೆಂಟ್ ನಾನೊಬ್ಬಳೇ. ಬೇರೆ ಯಾರನ್ನು ಇಳಿಸಲಿ?

ಲೆಕ್ಸ್ ಸ್ಟಿಯರಿಂಗ್ ಹಿಂದೆ ಕೂತಿದ್ದ. ಪ್ರಾಣ ಹೋಗಿ ಒಂದು ರಾತ್ರಿ ಕಳೆದಿತ್ತು. ತಲೆಗೆ ಪೆಟ್ಟು ಬಿದ್ದಿತ್ತು, ಅದೂ ಹಿಂಭಾಗಕ್ಕೆ. ಮುಂದಕ್ಕೆ ಮುಗ್ಗರಿಸಿದ ಗಾಡಿಯಲ್ಲಿ ಹಿಂದಲೆಗೆ ಪೆಟ್ಟು ಹೇಗೆ? ಆ ಪ್ರಶ್ನೆ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

"ಹಬ್ ನೋಡಿ ಸಾರ್ಜ್," ದಡದಿಂದ ರೆಗ್ ಡೂಲನ್ ಕೂಗಿದ. ಊರಿನ ಬ್ರಾಂಟನ್ ಗಾಡಿಯವರ ಪಡೆಗೆ ಅವನೇ ಮುಂದಾಳು. "ಮುಂದಿನ ಚಕ್ರದ್ದು. ಲಾಕ್ ಆಗಿದ್ಯಾ?"

ಮುಳುಗಿ ಕೈಯಾಡಿಸಿದೆ. ಎರಡೂ ಕಡೆ ಲಾಕ್ ಬಿಚ್ಚಿತ್ತು. ಹಳೆಯ ಬ್ರಾಂಟನ್‌ಗೆ ನಾಲ್ಕೂ ಚಕ್ರಗಳ ಬಲ ಬೇಕಿದ್ದರೆ ಕೆಳಗಿಳಿದು ಮುಂದಿನ ಎರಡು ಹಬ್‌ಗಳನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಅದನ್ನು ಮಾಡದೆ ನಮ್ಮೂರಲ್ಲಿ ಯಾರೂ ನೀರಿಗೆ ಗಾಡಿ ಇಳಿಸುವುದಿಲ್ಲ.

"ಬಿಚ್ಚಿದೆ," ಅಂದೆ.

"ಲೆಕ್ಸ್ ಅದನ್ನ ಮರೀತಾನಾ? ಲಾಕ್ ಮಾಡಿದ್ದನ್ನ ಯಾರೋ ಕದ್ದು ಬಿಚ್ಚಿದ್ದಾರೆ. ಯಾರು ಅಂತ ಬಾಯಿಬಿಟ್ಟು ಹೇಳ್ಬೇಕಾ?"

ಹೇಳಬೇಕಿರಲಿಲ್ಲ. ದಡದಲ್ಲಿದ್ದ ಎಲ್ಲರ ಮನಸ್ಸಿನಲ್ಲೂ ಒಂದೇ ಹೆಸರಿತ್ತು. ಕ್ಲಾರಿ ಟ್ರಾಂಟರ್. ಲೆಕ್ಸನ ಒಡಹುಟ್ಟಿದ ಅಣ್ಣ.

* * *

ಮುಲ್ಗೂರಾದಲ್ಲಿ ಜನ ಎರಡೇ ಬಗೆ. ಬ್ರಾಂಟನ್‌ನವರು, ವಾರಿಗಲ್‌ನವರು. ಯಾವ ಪಿಕಪ್ ಓಡಿಸುತ್ತೀರಿ ಎನ್ನುವುದರ ಮೇಲೆ ಪಬ್‌ನಲ್ಲಿ ಯಾವ ಮೂಲೆಯಲ್ಲಿ ಕೂರುತ್ತೀರಿ, ಮಗಳನ್ನು ಯಾರ ಮನೆಗೆ ಕೊಡುತ್ತೀರಿ ಎಲ್ಲ ನಿರ್ಧಾರವಾಗುತ್ತದೆ. ಇದು ಹುಚ್ಚು ಅಂತ ನಿಮಗೆ ಅನಿಸಿದರೆ ನನ್ನ ತಕರಾರಿಲ್ಲ. ರಸ್ತೆಯಲ್ಲಿ ಎದುರು ಗಾಡಿ ಬಂದರೆ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುವುದು ಈ ಸೀಮೆಯ ನಮಸ್ಕಾರ. ನಮ್ಮೂರಲ್ಲಿ ಮಾತ್ರ ಬ್ರಾಂಟನ್ ಬ್ರಾಂಟನ್‌ಗೇ ಎತ್ತಬೇಕು, ವಾರಿಗಲ್ ವಾರಿಗಲ್‌ಗೇ. ನನ್ನ ಪೊಲೀಸ್ ಗಾಡಿ ಮೂರನೆಯ ಕಂಪನಿಯದು. ಅದಕ್ಕೆ ನಾಯಿಯೂ ಬಾಲ ಅಲ್ಲಾಡಿಸುವುದಿಲ್ಲ.

ಕ್ಲಾರಿ, ಲೆಕ್ಸ್ ಹುಡುಗರಾಗಿದ್ದಾಗ ಅಪ್ಪನ ವಾರಿಗಲ್ ಬಯಲಲ್ಲಿ ಕೆಟ್ಟು ನಿಂತಿತಂತೆ. ತಮ್ಮನಾದ ಲೆಕ್ಸ್ ಗಾಡಿ ಕಂಪನಿಯನ್ನು ಬೈದ. ಅಣ್ಣ ತಮ್ಮನನ್ನು ಬೈದ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ, ಬೆರಳಿಲ್ಲ. ಇದ್ದದ್ದು ಪಬ್‌ನಲ್ಲಿ ಜಗಳ ಮಾತ್ರ.

ಹಿಂದಿನ ಸಂಜೆಯ ಜಗಳ ದೊಡ್ಡದು. ವರ್ಷದ ಮಾರಾಟದ ಪಟ್ಟಿ ರೇಡಿಯೋದಲ್ಲಿ ಬಂತು. ವಾರಿಗಲ್ ಮೊದಲ ಬಾರಿಗೆ ಬ್ರಾಂಟನ್ನನ್ನು ಹಿಂದಿಕ್ಕಿತ್ತು. ಕ್ಲಾರಿ ಎಲ್ಲರಿಗೂ ಬಿಯರ್ ಕೊಡಿಸಿದ. "ನಿಂತಲ್ಲೇ ನಿಲ್ಲೋ ಗಾಡಿನ ಯಾರು ತಗೋತಾರೆ?" ಅಂತ ಕೆಣಕಿದ. ಲೆಕ್ಸನ ಬ್ರಾಂಟನ್ ಆ ವರ್ಷ ಪದೇ ಪದೇ ಕೈಕೊಟ್ಟಿತ್ತು, ಪ್ರತಿ ಸಲವೂ ಮುಂಚಕ್ರದ ಬೇರಿಂಗ್. ಲೆಕ್ಸ್ ಗ್ಲಾಸ್ ಕೆಳಗಿಟ್ಟ. "ನಾಳೆ ನಿಮ್ಮೆಲ್ಲರ ಬಾಯಿ ಮುಚ್ಚಿಸ್ತೀನಿ" ಅಂತ ಹೇಳಿ ಹೊರಟುಹೋದ. ಉಕ್ಕುವ ನದಿ ದಾಟಿ ತೋರಿಸುತ್ತಾನೆ ಅಂತಲೇ ಎಲ್ಲರೂ ಅಂದುಕೊಂಡರು. ಕ್ಲಾರಿಯೂ ಎದ್ದುಹೋದ. ಮುಸ್ಸಂಜೆಯಲ್ಲಿ ಅವನ ವಾರಿಗಲ್ ನದಿಯ ಕಡೆಯಿಂದ ಬಂದದ್ದನ್ನು ಪಬ್ ನಡೆಸುವ ಶೋನಾ ನೋಡಿದ್ದಳು.

ಮೆಕ್ಯಾನಿಕ್ ಡೆಸ್ ವಿಕರಿಯನ್ನು ಕರೆದು ದಡದಿಂದಲೇ ಗಾಡಿ ತೋರಿಸಿದೆ. ಊರಿಗೆಲ್ಲ ಅವನದೊಂದೇ ಗ್ಯಾರೇಜು. ಎರಡೂ ಪಕ್ಷದವರು ಗಿರಾಕಿಗಳು, ಹಾಗಾಗಿ ಅವನಿಗೆ ಪಕ್ಷವಿಲ್ಲ. ಅವನ ಮಾತಿಗೆ ಇಬ್ಬರೂ ತಲೆದೂಗುತ್ತಾರೆ.

"ಹಬ್ ತಾನಾಗೇ ಬಿಚ್ಚಲ್ಲ ಸಾರ್ಜ್," ಅಂದ ಡೆಸ್ ಮೆಲ್ಲಗೆ. "ಪಬ್ ಅಂಗಳದಲ್ಲಿ ಯಾರೋ ಕೈಯಾಡಿಸಿರ್ಬೇಕು. ನಾನು ಹೆಸರು ಹೇಳಲ್ಲಪ್ಪ."

ಹೆಸರು ಹೇಳದೆಯೇ ಬೆಂಕಿ ಹತ್ತಿಕೊಂಡಿತು. ಕ್ಲಾರಿಯನ್ನು ಠಾಣೆಯ ಹಿಂದಿನ ತಗಡಿನ ಕೋಣೆಗೆ ಹಾಕಿ ಬೀಗ ಜಡಿದೆ. ಅವನು ಓಡಿಹೋಗುತ್ತಾನೆಂದಲ್ಲ, ಊರವರ ಕೈಗೆ ಸಿಗಬಾರದೆಂದು. ಓಡಲು ಜಾಗವೆಲ್ಲಿ? ಉತ್ತರದ ಸೇತುವೆ ಕೊಚ್ಚಿಹೋಗಿತ್ತು. ದಕ್ಷಿಣದ ರಸ್ತೆ ನೀರಿನಡಿ. ವಿಮಾನ ಇಳಿಯುವ ಬಯಲು ಕೆರೆಯಾಗಿತ್ತು. ಪತ್ತೇದಾರರು ನೀರಿಳಿದ ಮೇಲೆ ಬರುತ್ತೇವೆಂದು ಫೋನಿನಲ್ಲಿ ಹೇಳಿದ್ದರು. ಅಲ್ಲಿಯವರೆಗೆ ಇಡೀ ಊರು, ಸತ್ತವನು, ಕೊಂದವನು, ಎಲ್ಲರೂ ಒಂದೇ ಕೆಮ್ಮಣ್ಣಿನ ದಿಬ್ಬದ ಮೇಲೆ.

ಮಧ್ಯಾಹ್ನಕ್ಕೆ ರೆಗ್ ಮತ್ತು ಅವನ ಕಡೆಯವರು ಠಾಣೆಯ ಮುಂದೆ ಬ್ರಾಂಟನ್‌ಗಳನ್ನು ಸಾಲಾಗಿ ನಿಲ್ಲಿಸಿ ಕೂತರು.

"ಬೀಗದ ಕೈ ಕೊಡಿ ಸಾರ್ಜ್. ಮಿಕ್ಕಿದ್ದು ನಾವು ನೋಡ್ಕೋತೀವಿ."

"ನಾನು ಇಲ್ಲೇ ಇರ್ತೀನಿ ರೆಗ್."

"ಎಷ್ಟು ಹೊತ್ತು ಎಚ್ಚರ ಇರ್ತೀರಾ?"

ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ. ಭಯವಾಯಿತು ಅಂತ ಹೇಳಲು ನಾಚಿಕೆಯಿಲ್ಲ. ಕತ್ತಲಾಗುವುದರೊಳಗೆ ಕೊಲೆಗಾರ ಸಿಗದಿದ್ದರೆ ಕ್ಲಾರಿ ಬದುಕುವುದು ಕಷ್ಟವಿತ್ತು.

* * *

ಕೋಣೆ ಒಲೆಯಂತೆ ಕಾಯುತ್ತಿತ್ತು. ಕ್ಲಾರಿ ಗೋಡೆಗೆ ಮುಖ ಮಾಡಿ ಕೂತಿದ್ದ. ಕೊಟ್ಟ ಮಾಂಸದ ಪೈ ಹಾಗೇ ಇತ್ತು.

"ನೀವು ನದಿಗೆ ಯಾಕೆ ಹೋಗಿದ್ರಿ?"

"ನೀರು ನೋಡೋಕೆ. ಅವನು ದಾಟ್ತೀನಿ ಅಂದ್ನಲ್ಲ. ಎಷ್ಟು ಆಳ ಇದೆ ಅಂತ ನೋಡಿ, ಶೋನಾ ಕೈಲಿ ಹೇಳಿಸಿ ನಿಲ್ಲಿಸೋಣ ಅಂತ."

"ನೀವೇ ಹೇಳಬಹುದಿತ್ತು."

ಅವನು ನನ್ನನ್ನು ಪೆದ್ದಿಯಂತೆ ನೋಡಿದ.

"ವಾಪಸ್ ಬರುವಾಗ ಲೆಕ್ಸ್ ಸಿಕ್ಕಿದ್ನಾ?"

ಅವನು ಪೈ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಎದುರಿಗೆ ಬಂದ, ಅದೇ ಹಳದಿ ಗಾಡಿ. ದೀಪ ಕಣ್ಣಿಗೆ ಹೊಡೀತಿತ್ತು, ಮುಖ ಕಾಣ್ಲಿಲ್ಲ. ಕೈ ಕಂಡಿತು. ನೋಡಮ್ಮ, ನನಗೆ ಬೆರಳೆತ್ತಿದ. ಲೆಕ್ಸ್. ನನಗೆ." ಕಣ್ಣೊರೆಸಿಕೊಂಡ. "ಜನ್ಮದಲ್ಲಿ ಮೊದಲ ಸಲ. ನಾನು ಎತ್ತಲಿಲ್ಲ. ಆಮೇಲೆ ಎತ್ತಿದರಾಯ್ತು, ನಾಳೆ ಎತ್ತಿದರಾಯ್ತು ಅಂದ್ಕೊಂಡೆ. ಅವನು ಸಾಯೋಕೆ ಹೋಗ್ತಿದ್ದ."

"ಇದನ್ನ ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ಯಾರು ನಂಬ್ತಾರೆ?"

ಅದೇ ನನ್ನನ್ನು ಹಿಡಿದು ನಿಲ್ಲಿಸಿತು. ಸುಳ್ಳು ಹೇಳುವವನು ನಂಬುವಂಥ ಸುಳ್ಳು ಹೇಳುತ್ತಾನೆ. ಲೆಕ್ಸ್ ಟ್ರಾಂಟರ್ ವಾರಿಗಲ್‌ಗೆ ಬೆರಳೆತ್ತಿದ ಅಂದರೆ ಮುಲ್ಗೂರಾದಲ್ಲಿ ಕೈಗೂಸೂ ನಂಬುವುದಿಲ್ಲ. ಹಾಗಾಗಿ ಕ್ಲಾರಿ ಹೇಳಿದ್ದು ನಿಜ. ಬೆರಳು ಎದ್ದದ್ದು ನಿಜ. ಸುಳ್ಳಾಗಿದ್ದದ್ದು ಒಂದೇ, ಆ ಬೆರಳು ಲೆಕ್ಸನದು ಅನ್ನುವುದು.

ಕಾವಲಿಗೆ ಶೋನಾಳನ್ನು ಕೂರಿಸಿದೆ. ಅವಳನ್ನು ಎದುರು ಹಾಕಿಕೊಂಡು ಪಬ್‌ನಿಂದ ಹೊರಗಾಗುವ ಧೈರ್ಯ ಯಾರಿಗೂ ಇಲ್ಲ. ನಾನು ಲೆಕ್ಸನ ಗಾಡಿ ಕೊಟ್ಟಿಗೆಗೆ ಹೋದೆ.

ಜಾಕ್ ನೆಲದ ಮೇಲೇ ಇತ್ತು. ಪಕ್ಕದಲ್ಲಿ ಗ್ರೀಸ್ ಮೆತ್ತಿದ ಬಟ್ಟೆ. ಮೇಜಿನ ಮೇಲೆ, ಗ್ಯಾರೇಜಿನ ಹೋದ ತಿಂಗಳ ಬಿಲ್ಲಿನಲ್ಲಿ ಸುತ್ತಿಟ್ಟ ಒಂದು ಬೇರಿಂಗ್. ಬಿಚ್ಚಿ ನೋಡಿದೆ. ಹೊಸ ಗ್ರೀಸಿನ ಕೆಳಗೆ ಲೋಹ ಸವೆದು, ಕಾದು ನೀಲಿಗಟ್ಟಿತ್ತು.

* * *

ಸೂರ್ಯ ಮುಳುಗುವ ಮೊದಲು ಪಬ್ ತುಂಬಿತ್ತು. ಹೋಗಲು ಬೇರೆ ಜಾಗವೂ ಇರಲಿಲ್ಲ. ಎಡಗಡೆ ವಾರಿಗಲ್, ಬಲಗಡೆ ಬ್ರಾಂಟನ್. ನಡುವೆ ಕೌಂಟರಿನ ಹತ್ತಿರ ಡೆಸ್. ಕ್ಲಾರಿಯನ್ನು ಕರೆತಂದು ನನ್ನ ಪಕ್ಕ ನಿಲ್ಲಿಸಿಕೊಂಡೆ. ರೆಗ್ ಎದ್ದು ನಿಂತ.

"ಕೂತ್ಕೋ ರೆಗ್. ಒಂದೇ ಪ್ರಶ್ನೆ ಇದೆ. ನೆನ್ನೆ ಮುಸ್ಸಂಜೆ ಲೆಕ್ಸನ ಬ್ರಾಂಟನ್ ಓಡಿಸುತ್ತಿದ್ದವನು ಕ್ಲಾರಿಯ ವಾರಿಗಲ್‌ಗೆ ಬೆರಳೆತ್ತಿದ."

ಎರಡೂ ಮೂಲೆಯಿಂದ ನಗು ಬಂತು.

"ಲೆಕ್ಸಾ? ಬೆರಳು ಕತ್ತರಿಸ್ಕೋತಿದ್ದ," ಅಂದ ರೆಗ್.

"ನನ್ನ ಮಾತೂ ಅದೇ. ಲೆಕ್ಸ್ ಎತ್ತಲ್ಲ. ನೀನು ಎತ್ತಲ್ಲ. ಹಾಗಾದರೆ ಬ್ರಾಂಟನ್‌ನಲ್ಲಿ ಕೂತು ವಾರಿಗಲ್‌ಗೆ ಬೆರಳೆತ್ತುವವರು ಈ ಊರಲ್ಲಿ ಯಾರಿದ್ದಾರೆ?"

ನಗು ನಿಂತಿತು. ರೆಗ್ ಯೋಚಿಸಿದ. ಆಮೇಲೆ ತಲೆ ತಿರುಗಿಸಿದ. ಒಬ್ಬರ ಹಿಂದೆ ಒಬ್ಬರು ತಿರುಗಿದರು, ಎಡದವರು, ಬಲದವರು. ಇಡೀ ಪಬ್ ಡೆಸ್ ವಿಕರಿಯನ್ನು ನೋಡುತ್ತಿತ್ತು.

"ರಿಪೇರಿ ಗಾಡಿ ಓಡಿಸಿ ನೋಡುವಾಗ ನಾನು ಎಲ್ಲರಿಗೂ ಎತ್ತುತ್ತೀನಿ," ಅಂದ ಡೆಸ್. "ಗಿರಾಕಿಗಳು. ಎತ್ತದೆ ಇರೋಕಾಗುತ್ತಾ?"

"ಆಗಲ್ಲ. ಕೈಗೆ ಅಭ್ಯಾಸವಾಗಿದೆ. ಪಕ್ಕದ ಸೀಟಿನಲ್ಲಿ ಹೆಣ ಇದ್ದಾಗಲೂ ಎದ್ದುಬಿಟ್ಟಿತು."

ಬೇರಿಂಗ್ ತೆಗೆದು ಕೌಂಟರಿನ ಮೇಲಿಟ್ಟೆ.

"ಇದು ಲೆಕ್ಸನ ಗಾಡಿಯದು. ಹೊಸದು ಅಂತ ಹೋದ ತಿಂಗಳು ನೀನು ಹಾಕಿದ್ದೆ. ಹಳೇದನ್ನ ಉಜ್ಜಿ ಗ್ರೀಸ್ ಬಳಿದಿದ್ದೀಯ. ಲೆಕ್ಸ್ ಇದನ್ನ ಕಿತ್ತು, ತನ್ನ ಹತ್ತಿರವಿದ್ದ ಬೇರೆಯದನ್ನ ಹಾಕ್ಕೊಂಡು, ಸಾಕ್ಷಿಗೆ ಅಂತ ಎತ್ತಿಟ್ಟಿದ್ದ. ಲೆಕ್ಸ್ ನದಿ ದಾಟೋಕೆ ಹೊರಟಿರಲಿಲ್ಲ. ತನ್ನ ಬ್ರಾಂಟನ್‌ದು ತಪ್ಪಿಲ್ಲ ಅಂತ ಊರಿಗೆ ತೋರಿಸೋನಿದ್ದ. ಮೊದಲು ನಿನ್ನನ್ನೇ ಕೇಳೋಣ ಅಂತ ಗ್ಯಾರೇಜಿಗೆ ಬಂದ. ಅವನು ತಿರುಗಿ ಹೊರಟಾಗ ನೀನು ಹಿಂದಿನಿಂದ ಹೊಡೆದೆ. ನದಿಗೆ ಒಯ್ದು, ಸ್ಟಿಯರಿಂಗ್ ಹಿಂದೆ ಕೂರಿಸಿ, ಇಳಿಜಾರಿನಲ್ಲಿ ತಳ್ಳಿದೆ. ತಳ್ಳೋ ಗಾಡಿಗೆ ಹಬ್ ಲಾಕ್ ಯಾಕೆ? ಆ ತಪ್ಪನ್ನ ಬೆಳಿಗ್ಗೆ ಇವರೇ ಕ್ಲಾರಿ ತಲೆಗೆ ಕಟ್ಟಿದರು. ನೀನು ಪಬ್ ಅಂಗಳದ ಕಥೆ ಹೇಳಿ ಅದನ್ನ ಗಟ್ಟಿ ಮಾಡಿದೆ."

ಡೆಸ್ ಎದ್ದು ಬಾಗಿಲ ಕಡೆ ನೋಡಿದ. ಬಾಗಿಲಾಚೆ ರಸ್ತೆ. ರಸ್ತೆಯ ಎರಡು ತುದಿಗೂ ನೀರು. ಅವನು ಮೆಲ್ಲಗೆ ಮತ್ತೆ ಕೂತ.

"ಬಿಡಿಭಾಗ ತರೋ ಲಾರಿ ಯಾವಾಗಲೋ ಬರುತ್ತೆ," ಅಂದ. "ನಿಮಗೆ ಅಷ್ಟು ತಾಳ್ಮೆ ಇಲ್ಲ. ಅವರ ಗಾಡಿ ಓಡ್ತಿದೆ, ನನ್ನದು ಯಾಕೆ ನಿಂತಿದೆ ಅಂತ ಕತ್ತು ಹಿಡೀತಿದ್ರಿ. ಒಂದು ಸಲ ಹಳೇದು ಹಾಕಿದೆ. ಯಾರೂ ನನ್ನನ್ನ ಕೇಳ್ಲಿಲ್ಲ. ಕಂಪನಿನ ಬೈದ್ರಿ, ಡ್ರೈವರನ್ನ ಬೈದ್ರಿ. ಆಮೇಲೆ ಅದೇ ರೂಢಿ ಆಯ್ತು."

ವಾರಿಗಲ್ ಮೂಲೆಯಿಂದ ಯಾರೋ ನಕ್ಕರು. "ಅದಕ್ಕೇ ನೋಡು, ಬ್ರಾಂಟನ್..."

"ನಿಮ್ಮದಕ್ಕೂ ಹಾಕಿದ್ದೀನಿ," ಅಂದ ಡೆಸ್.

ನಕ್ಕವನು ಗ್ಲಾಸ್ ಕೆಳಗಿಟ್ಟ. ಇಷ್ಟು ವರ್ಷ ಯಾವ ಗಾಡಿ ಗಟ್ಟಿ ಅಂತ ಆ ಎರಡು ಮೂಲೆಗಳಲ್ಲಿ ಮೇಜು ಗುದ್ದಿದ್ದೆಲ್ಲ ಈ ಒಬ್ಬನ ಗ್ರೀಸ್ ಡಬ್ಬಿಯಿಂದ ಬಂದದ್ದು. ಅದೇ ತಗಡಿನ ಕೋಣೆಗೆ ಡೆಸ್‌ನನ್ನು ಕರೆದೊಯ್ದೆ.

* * *

ಹೊರಗೆ ಮೆಟ್ಟಿಲ ಮೇಲೆ ಕ್ಲಾರಿ ಕೂತಿದ್ದ. ರೆಗ್ ಬಂದು ಅವನ ಪಕ್ಕ ಒಂದು ಬಿಯರ್ ಇಟ್ಟು ಹೋದ.

"ನೀವು ಮನೆಗೆ ಹೋಗಬಹುದು," ಅಂದೆ.

ಅವನು ಏಳಲಿಲ್ಲ.

"ಹಾಗಾದರೆ ಅವನು ನನಗೆ ಬೆರಳೆತ್ತಲೇ ಇಲ್ಲ," ಅಂದ.

ಬಿಡುಗಡೆ ಮಾಡಿದ ನಾನೇ ಅವನ ಕೈಯಲ್ಲಿದ್ದ ಒಂದೇ ಒಂದು ಸಮಾಧಾನವನ್ನು ಕಿತ್ತುಕೊಂಡಿದ್ದೆ. ಪಕ್ಕದಲ್ಲಿ ಕೂತೆ.

ನೀರಿಳಿದ ಮೇಲೆ ಲೆಕ್ಸನನ್ನು ರೆಗ್‌ನ ಬ್ರಾಂಟನ್‌ನಲ್ಲಿ ಸ್ಮಶಾನಕ್ಕೆ ಒಯ್ದರು. ಕ್ಲಾರಿ ಮೆರವಣಿಗೆಯಲ್ಲಿರಲಿಲ್ಲ. ಬರುವುದಿಲ್ಲವೇನೋ ಅಂದುಕೊಂಡೆವು. ನದಿಯ ತಿರುವಿನಲ್ಲಿ ಅವನ ವಾರಿಗಲ್ ಎದುರಿನಿಂದ ಬಂತು, ಮೆಲ್ಲಗೆ, ದೀಪ ಹಾಕಿಕೊಂಡು. ಬ್ರಾಂಟನ್ ಪಕ್ಕಕ್ಕೆ ಬಂದಾಗ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಿದ. ಶವಪೆಟ್ಟಿಗೆ ದಾಟಿ ಹೋಗುವವರೆಗೂ ಇಳಿಸಲಿಲ್ಲ.