ಲೈವ್‌ನಲ್ಲಿ ತುಂಬಿದ ಚಹಾ

"ಮೊದಲು ಆ ಫೋನ್ ಆಚೆ ತಿರುಗಿಸಿ!"

ಉಣ್ಣೆ ಮೂಟೆಯನ್ನು ಧೊಪ್ಪೆಂದು ಇಳಿಸಿದ ಗಂಡಸಿನ ದನಿಗೆ ಸೆಜಿಮ್ ಬೆಚ್ಚಿದಳು. ಶಿರ್ದಾಕ್ ನೆಲಹಾಸಿಗೆ ಹೊಲಿಗೆ ಹಾಕುತ್ತ ಆಗಷ್ಟೇ ಲೈವ್ ಶುರು ಮಾಡಿದ್ದಳು. ಇವನ್ಯಾರಪ್ಪ, ಧೂಳು ಕೊಡವುತ್ತ ನಡುವೆ ಬಂದು ನಿಂತವನು?

"ತಿರುಗಿಸಲ್ಲ! ನೀವೇ ಪಕ್ಕಕ್ಕೆ ಸರೀರಿ. ಸಾವಿರಾರು ಜನ ನನ್ನ ಕೈಕೆಲಸ ನೋಡ್ತಿದಾರೆ, ನಿಮ್ಮ ಮುಖ ಅಲ್ಲ!"

"ಅಷ್ಟೂ ಜನಕ್ಕೆ ಬೇರೆ ಕೆಲಸ ಇಲ್ವಾ?"

ಸೂಜಿ ಹಿಡಿದು ಕೂತಿದ್ದ ಸೋದರತ್ತೆ ಬುರುಲ್ ಎಜೆ ಕಿಸಕ್ಕನೆ ನಕ್ಕಳು. ಪರದೆಯ ತುಂಬ ಕಾಮೆಂಟುಗಳು... 'ಯಾರೀ ಸಿಡುಕ? ಮತ್ತೆ ಕರೀರಿ!'

ಆ ಸಿಡುಕನೇ ಎಲ್ದಿಯಾರ್. ಬೆಟ್ಟದ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸುವವನು. ಬಾರಿ ಬಾರಿಗೂ ಉಣ್ಣೆ ತಂದ, ಬಾರಿ ಬಾರಿಗೂ ಜಗಳವಾಡಿದ. ಕ್ರಮೇಣ ಕುರಿಗಳ ಕಥೆ ಹೇಳತೊಡಗಿದ. ಸೆಜಿಮ್‌ಳ ಫಾಲೋವರ್‌ಗಳು ಏರುತ್ತ ಹೋದರು, ಅವಳ ಎದೆಬಡಿತವೂ!

ಛೆ, ಮೂಟೆ ಹೊರುವವನಿಗಾಗಿ ದಾರಿ ಕಾಯ್ತಿದೀನಾ ನಾನು? ತನ್ನನ್ನೇ ಗದರಿಕೊಂಡಳು.

ಆಮೇಲೆ ಆ ದಿನ ಬಂತು.

ಅವರ ಊರು ಕೊಚ್ಕೋರ್‌ನಲ್ಲಿ ಬೇಕಾದ ಅತಿಥಿಗೆ ಚಹಾವನ್ನು ಒಂದೆರಡು ಗುಟುಕಷ್ಟೇ ಬಗ್ಗಿಸುತ್ತಾರೆ. ಮತ್ತೆ ಮತ್ತೆ ಬಟ್ಟಲು ಚಾಚಲಿ, ಮಾತು ಬೆಳೆಯಲಿ ಎಂದು. ಬಟ್ಟಲು ತುಂಬಿಸಿದರೆ, 'ಇನ್ನು ಹೊರಡಿ' ಎಂದೇ ಅರ್ಥ.

ಲೈವ್ ನಡೆದಿತ್ತು. ಎಲ್ದಿಯಾರ್ ಏನನ್ನೋ ಹೇಳಿ ನಗುತ್ತಿದ್ದ. ಅವನ ಕಣ್ಣಂಚಿನ ಆ ಗೆರೆಗಳನ್ನೇ ನೋಡುತ್ತ ಸೆಜಿಮ್ ಚಹಾ ಬಗ್ಗಿಸಿದಳು... ಬಗ್ಗಿಸುತ್ತಲೇ ಇದ್ದಳು. ಬಟ್ಟಲು ಅಂಚಿನವರೆಗೆ ತುಂಬಿತು!

ಅವನ ನಗು ನಿಂತುಹೋಯಿತು. ಚಹಾ ಕುಡಿದು ಮುಗಿಸಿದ. ಹೊರಡುವವನ ಪದ್ಧತಿಯಂತೆ ಒಂದು ಚೂರು ರೊಟ್ಟಿ ಮುರಿದು ಬಾಯಿಗಿಟ್ಟ. ಟೋಪಿ ಏರಿಸಿ ಹೊರಟೇಬಿಟ್ಟ.

'ಕರಿ, ಸೆಜಿಮ್! ಕೂಗು!' ಒಳಗಿನ ದನಿ ಚೀರಿತು. ಅಷ್ಟು ಜನರೆದುರು ಹೇಗೆ ಕೂಗಲಿ? ಹಾಳು ಜಂಬ ಬಿಡಲಿಲ್ಲ.

ಆ ತುಣುಕು ಕಾಳ್ಗಿಚ್ಚಿನಂತೆ ಹರಡಿತು. 'ಕುರಿಗಾಹಿಯನ್ನು ಓಡಿಸಿದ ಚೆಲುವೆ!' ಫಾಲೋವರ್‌ಗಳು ಲಕ್ಷ ದಾಟಿದರು. ರಾಜಧಾನಿ ಬಿಷ್ಕೆಕ್‌ನಿಂದ ಯಾರೋ ಒಬ್ಬ ಫೋನ್ ಮಾಡಿದ: "ಅವನನ್ನ ಮತ್ತೆ ಕರೆಸಿ, ಮತ್ತೆ ಓಡಿಸಿ. ಜನ ಮುಗಿಬೀಳ್ತಾರೆ!"

"ನನ್ನ ಮನೆ ನಾಟಕದ ಕಂಪನಿ ಅಲ್ಲ," ಎಂದು ಸೆಜಿಮ್ ಫೋನ್ ಇಟ್ಟಳು. ಆ ವಿಡಿಯೋವನ್ನೇ ಅಳಿಸಿಹಾಕಿದಳು.

"ಅಯ್ಯೋ ಹುಚ್ಚಿ! ಬಂದ ಜನ ಎಲ್ಲ ಹೋಗ್ತಾರಲ್ಲೇ!" ಬುರುಲ್ ಎಜೆ ಹಣೆ ಚಚ್ಚಿಕೊಂಡಳು.

"ಹೋಗ್ಲಿ ಎಜೆ. ನನ್ನ ಕೆಲಸ ನೋಡಿ ಬಂದೋರು ಇರ್ತಾರೆ."

"ಮತ್ತೆ ಅವನು?"

ಸೆಜಿಮ್ ಸೂಜಿ ಕೆಳಗಿಟ್ಟು ಎದ್ದಳು. ಪಕ್ಕದ ಮನೆಯ ಕುದುರೆ ಕೇಳಿ ಪಡೆದು ಬೆಟ್ಟ ಹತ್ತಿದಳು.

ಯುರ್ತ್ ಗುಡಾರದ ಮುಂದೆ ಕುರಿಗಳ ನಡುವೆ ನಿಂತಿದ್ದ ಎಲ್ದಿಯಾರ್.

"ಏನು, ಇಲ್ಲೂ ವಿಡಿಯೋ ಮಾಡ್ಬೇಕಾ?"

"ಫೋನ್ ಮನೇಲಿದೆ." ಅವಳ ದನಿ ನಡುಗಿತು, ತಲೆ ಮಾತ್ರ ಬಾಗಲಿಲ್ಲ. "ಬೈಯೋದಿದ್ರೆ ಆಮೇಲೆ ಬೈರಿ. ಅವತ್ತು ನಾನು ಬಟ್ಟಲು ನೋಡ್ಲಿಲ್ಲ. ನಿಮ್ಮನ್ನೇ ನೋಡ್ತಾ ಇದ್ದೆ. ಕೈ ನಿಲ್ಲೋದು ಮರೀತು!"

ಅವನು ಕುರಿಗಳನ್ನು ಸರಿಸಿ ಹತ್ತಿರ ಬಂದ.

"ಹಾಗಾದ್ರೆ... ಹೋಗು ಅಂತ ಅಲ್ವಾ?"

"ಅಲ್ಲ ಮಾರಾಯ್ರೇ!"

ಎಲ್ದಿಯಾರ್‌ನ ಕಣ್ಣು ತುಂಬಿ ಬಂತು. "ಸಿಗ್ನಲ್ ಸಿಗೋ ಗುಡ್ಡಕ್ಕೆ ದಿನಾ ಹೋಗ್ತೀನಿ, ನಿನ್ನ ಹೊಲಿಗೆ ನೋಡೋಕೆ. ಇವಳು ನಮ್ಮೂರಿನವಳು ಅಂತ ಹಾದಿಬೀದಿಲಿ ಹೇಳ್ಕೊಂಡು ತಿರುಗ್ತೀನಿ. ನನ್ನವಳು ಅನ್ನೋಕೆ ಮಾತ್ರ ಧೈರ್ಯ ಬರ್ಲಿಲ್ಲ."

"ನಂಗೆ ಭಾಳ ಜಂಬ. ಅದನ್ನ ಬಿಡು ಅಂದ್ರೆ ಬಿಡಲ್ಲ."

"ಅದಕ್ಕೇ ಸೋತಿದ್ದು ಕಣೇ ನಾನು!"

ಸೆಜಿಮ್ ಕಣ್ಣೊರೆಸಿಕೊಂಡು ನಕ್ಕಳು. "ನಾಳೆ ಲೈವ್‌ನಲ್ಲಿ ಎಲ್ರಿಗೂ ನಾನೇ ಹೇಳ್ತೀನಿ, ಇವನು ನನ್ನವನು ಅಂತ."

"ಕೇಳೋಕೆ ಎಷ್ಟು ಜನ ಉಳಿದಿರ್ತಾರೋ..."

"ಎಷ್ಟಾದ್ರೂ ಇರ್ಲಿ. ನೀನು ಪಕ್ಕದಲ್ಲಿ ಕೂತಿರು, ಸಾಕು."